ಹವ್ಯಾಸದ ಕಾಲಂ

ಅಣ್ಣನ ಮಗಳು ಫೋನ್ ಮಾಡಿ, “ಚಿಕ್ಕಪ್ಪ, ನನಗೆ ಏನು ಹವ್ಯಾಸ ಇದೆ?” ಅಂದಳು.

ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ರೆಸ್ಯೂಮೆಯಲ್ಲಿ ಓದು, ಪ್ರಾಜೆಕ್ಟು, ಗೊತ್ತಿರುವ ಸಾಫ್ಟ್‌ವೇರುಗಳು ಎಲ್ಲ ತುಂಬಿದ ಮೇಲೂ ಕೆಳಗೆ ಮೂರು ಬೆರಳಗಲ ಜಾಗ ಉಳಿದಿದೆಯಂತೆ. “ಮೊಬೈಲ್ ನೋಡೋದು ಅಂತ ಹಾಕು” ಅಂದೆ.

“ತಮಾಷೆ ಬೇಡ. ಟ್ರೆಕ್ಕಿಂಗ್ ಅಂತ ಹಾಕ್ಲಾ? ಸ್ಕಂದಗಿರಿಗೆ ಒಂದ್ಸಲ ಹೋಗಿದ್ನಲ್ಲ.”

ಹೋಗಿದ್ದು ನಿಜ. ಬಂದಮೇಲೆ ನಾಲ್ಕು ದಿನ ಕೂತಲ್ಲಿಗೇ ಕಾಫಿ ತರಿಸಿಕೊಂಡಿದ್ದೂ ನಿಜ.

ನಾನು ಬುದ್ಧಿ ಹೇಳುವ ಹಾಗಿಲ್ಲ. ನನ್ನ ಮೊದಲ ಬಯೋಡೇಟಾದಲ್ಲಿದ್ದ ಹವ್ಯಾಸಗಳು ನನ್ನವೇ ಅಲ್ಲ, ಟೈಪು ಮಾಡಿದವರವು. ಎಂಬತ್ತರ ದಶಕದ ಕೊನೆ. ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್. ಅಲ್ಲಿದ್ದ ಹಿರಿಯರು ಕಾರ್ಬನ್ ಹಾಳೆ ಹೊಂದಿಸಿಕೊಂಡು, ಹೆಸರು, ತಂದೆ ಹೆಸರು, ಹುಟ್ಟಿದ ತಾರೀಕು, ಬರುವ ಭಾಷೆಗಳು ಎಲ್ಲವನ್ನೂ ಕೇಳಿ ಕೇಳಿ ಬಡಿಯುತ್ತಿದ್ದವರು, ಹವ್ಯಾಸದ ಹತ್ತಿರ ಬಂದಾಗ ಕೇಳಲೇ ಇಲ್ಲ. ಒಂದೇ ಉಸಿರಿಗೆ ಟಕಟಕ ಹೊಡೆದು ಗಾಡಿ ಎಳೆದರು. ಬಗ್ಗಿ ನೋಡಿದೆ: ರೀಡಿಂಗ್ ಬುಕ್ಸ್, ಲಿಸನಿಂಗ್ ಟು ಮ್ಯೂಸಿಕ್, ಸ್ಟಾಂಪ್ ಕಲೆಕ್ಷನ್.

“ಸಾರ್, ನಾನು ಸ್ಟಾಂಪು...”

“ಎಲ್ಲರಿಗೂ ಅದೇ ಹಾಕೋದು. ಯಾರಿಗೂ ಏನೂ ಆಗಿಲ್ಲ” ಅಂದರು, ಚುಚ್ಚುಮದ್ದು ಕೊಡುವವರ ಧ್ವನಿಯಲ್ಲಿ. ಆ ವರ್ಷ ನಮ್ಮ ತಾಲ್ಲೂಕಿನಿಂದ ಹೊರಟ ನಿರುದ್ಯೋಗಿಗಳೆಲ್ಲ ಅಂಚೆಚೀಟಿ ಸಂಗ್ರಾಹಕರೇ. ಕೆಳಗೆ ಮೇಲಿನ ವಿವರಗಳೆಲ್ಲ ಸತ್ಯವೆಂಬ ಘೋಷಣೆ, ಸ್ಥಳ, ದಿನಾಂಕ. ರುಜು ಮಾಡಿದೆ.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಹವ್ಯಾಸ ಅನ್ನುವ ಮಾತಿಗೆ ಒಳ್ಳೆಯ ಹೆಸರೇ ಇರಲಿಲ್ಲ. “ಹುಡುಗನಿಗೆ ಯಾವ ಹವ್ಯಾಸವೂ ಇಲ್ಲ” ಅಂದರೆ ಬೀಡಿ, ಇಸ್ಪೀಟು, ಇನ್ನೊಂದು ಯಾವುದೂ ಇಲ್ಲ, ಧೈರ್ಯವಾಗಿ ಹೆಣ್ಣು ಕೊಡಬಹುದು ಅಂತ. ಹೆಣ್ಣು ಕೊಡುವವರಿಗೆ ಇಲ್ಲ ಅಂದರೆ ಸಂತೋಷ, ಕೆಲಸ ಕೊಡುವವರಿಗೆ ಇದೆ ಅಂದರೆ ಸಂತೋಷ. ಒಂದೇ ವಯಸ್ಸಿನಲ್ಲಿ ಎರಡೂ ಕಡೆ ಅರ್ಜಿ ಹಾಕಿಕೊಂಡವನ ಫಜೀತಿ ಯಾರಿಗೆ ಹೇಳೋಣ.

ಆದರೆ ಕೆಲಸ ಕೊಡುವವರಿಗೂ ಬೇಕಾಗಿರುವುದು ಹಲ್ಲಿಲ್ಲದ ಹವ್ಯಾಸ. ಸಂಜೆ ಆರರ ಮೇಲೆ ಬಂದು, ಬಾಲ ಅಲ್ಲಾಡಿಸಿ, ಬೆಳಗ್ಗೆ ಆಫೀಸಿನ ಹೊತ್ತಿಗೆ ಗೂಡಿಗೆ ಹೋಗುವಂಥದ್ದು. ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ ಕೆಲಸಕ್ಕೂ ಸೇರಿದರು. ನಾಟಕದ ಹುಚ್ಚು ಆ ಕೆಲಸವನ್ನು ನುಂಗಿ ನೀರು ಕುಡಿಯಿತು. ಕನ್ನಡದ ಹವ್ಯಾಸಿ ರಂಗಭೂಮಿಗೆ ಅದರಿಂದ ಎಷ್ಟು ಲಾಭವಾಯಿತೋ, ಇಲಾಖೆಗೆ ಒಬ್ಬ ನೌಕರ ನಷ್ಟ. ಅವರ ಅರ್ಜಿಯಲ್ಲಿ ಹವ್ಯಾಸದ ಕಾಲಂ ಇದ್ದು, ಅಲ್ಲಿ ಅವರು ನಿಜ ಬರೆದಿದ್ದರೆ ಇಂಟರ್‌ವ್ಯೂಗೇ ಕರೆಯುತ್ತಿರಲಿಲ್ಲವೇನೋ.

ನನ್ನನ್ನು ಕರೆದರು. ಒಂದು ಸರ್ಕಾರಿ ಕಚೇರಿ, ಗುಮಾಸ್ತೆಯ ಕೆಲಸ. ಮೂವರು ಕೂತಿದ್ದರು. ನಡುವಿನವರಿಗೆ ಊಟದ ಮೇಲಿನ ತೂಕಡಿಕೆ. ಬಲಗಡೆಯವರು ನನ್ನ ಹಾಳೆಯ ಕೊನೆಗೆ ಬಂದು ಕನ್ನಡಕ ಹಣೆಗೇರಿಸಿದರು. ಪರದೇಶದಲ್ಲಿ ನಮ್ಮೂರಿನವರು ಸಿಕ್ಕ ಹಾಗೆ ಮುಖ ಅರಳಿತು.

“ಸ್ಟಾಂಪ್ ಕಲೆಕ್ಷನ್! ಇನ್ವರ್ಟೆಡ್ ಹೆಡ್ ಗೊತ್ತಿರಬೇಕಲ್ಲ?”

ನನ್ನ ಹತ್ತಿರ ಅಂಚೆಚೀಟಿ ಇರಲೇ ಇಲ್ಲ ಅಂತಲ್ಲ. ಜಾಮಿಟ್ರಿ ಬಾಕ್ಸಿನಲ್ಲಿ ಏಳು ಇದ್ದವು. ಅದರಲ್ಲಿ ಐದು ಒಂದೇ ಥರದವು, ಮೊಟ್ಟೆಯೊಡೆದು ಹೊರಬರುವ ಕೋಳಿಮರಿಯದು. ಇನ್ವರ್ಟೆಡ್ ಹೆಡ್ ಅಂದಾಗ ನನಗೆ ಹೊಳೆದದ್ದು ಯೋಗ. “ಶೀರ್ಷಾಸನ, ಸಾರ್” ಅಂದೆ.

ತೂಕಡಿಸುತ್ತಿದ್ದವರಿಗೆ ಎಚ್ಚರವಾಯಿತು.

ಬಲಗಡೆಯವರು ಬೈಯಲಿಲ್ಲ. ಬದಲಿಗೆ ಪಾಠ ಶುರು ಮಾಡಿದರು. 1854ರ ನಾಲ್ಕಾಣೆಯ ಚೀಟಿ. ಎರಡು ಬಣ್ಣ. ಕೆಂಪು ಚೌಕಟ್ಟು ಒಂದು ಸಲ ಅಚ್ಚಾಗಬೇಕು, ಒಳಗಿನ ವಿಕ್ಟೋರಿಯಾ ರಾಣಿಯ ನೀಲಿ ತಲೆ ಇನ್ನೊಂದು ಸಲ. ಎರಡನೇ ಸಲ ಹಾಳೆ ತಿರುವುಮುರುವಾಗಿ, ಕೆಲವು ಚೀಟಿಗಳಲ್ಲಿ ರಾಣಿ ತಲೆಕೆಳಗಾಗಿಬಿಟ್ಟಳು. ತೋರಿಸಲು ನನ್ನ ಬಯೋಡೇಟಾವನ್ನೇ ಎತ್ತಿ, ಉಲ್ಟಾ ಮಾಡಿ ಮೇಜಿನ ಮೇಲಿಟ್ಟರು. ಅಲ್ಲಿಂದ 1852ರ ಸಿಂಧ್ ಡಾಕ್‌ಗೆ ಹೋದರು. ಅರಗಿನ ಬಿಲ್ಲೆಯಂಥ ಆ ಕೆಂಪು ಚೀಟಿ ಮುಟ್ಟಿದರೆ ಪುಡಿಯಾಗುತ್ತಿತ್ತಂತೆ. ಪುಡಿಯಾಗುವುದನ್ನು ಎರಡು ಬೆರಳು ಉಜ್ಜಿ ತೋರಿಸಿದಾಗ ಅವರ ಕಣ್ಣಲ್ಲಿ ನೀರಾಡಿದ್ದನ್ನು ನಾನು ಕಂಡಿದ್ದೇನೆ. ಇಪ್ಪತ್ತು ನಿಮಿಷವಾಯಿತು. ಗುಮಾಸ್ತೆಯ ಕೆಲಸದ ಬಗ್ಗೆ ಒಂದು ಪ್ರಶ್ನೆ ಬರಲಿಲ್ಲ. ಹೊರಡುವಾಗ ಬಯೋಡೇಟಾ ಇನ್ನೂ ತಲೆಕೆಳಗಾಗಿಯೇ ಬಿದ್ದಿತ್ತು.

ಎರಡು ತಿಂಗಳ ಮೇಲೆ ವಿಷಾದದ ಪತ್ರ ಬಂತು. ಲಕೋಟೆಯ ಮೇಲೆ ಸರ್ಕಾರಿ ಕಾಗದಕ್ಕೆ ಹಚ್ಚುವ ನಾಲ್ಕು ಸಿಂಹದ ‘ಸರ್ವಿಸ್’ ಚೀಟಿ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುವಂಥದ್ದಲ್ಲ. ಆ ಮೂಲೆಯನ್ನು ಕತ್ತರಿಸಿ, ತಟ್ಟೆ ನೀರಲ್ಲಿ ನೆನೆಹಾಕಿ, ಅಂಟು ಬಿಟ್ಟ ಮೇಲೆ ಹಳೇ ಪೇಪರಿನ ಮೇಲೆ ಮಗುಚಿ ಒಣಗಿಸಿ ಜಾಮಿಟ್ರಿ ಬಾಕ್ಸಿಗೆ ಸೇರಿಸಿದೆ. ಎಂಟಾಯಿತು.

ಈಗಿನವರದು ಇನ್ನೂ ಕಷ್ಟ. ಐಎಎಸ್ ಪರೀಕ್ಷೆಯ ವಿವರವಾದ ಅರ್ಜಿಯಲ್ಲೂ ಹವ್ಯಾಸ ಕೇಳುತ್ತಾರೆ. ಅಲ್ಲಿ ಸಂದರ್ಶನಕ್ಕೇ 275 ಅಂಕ. ಅಡುಗೆ ಅಂತ ಬರೆದ ಹುಡುಗ ಸಾರಿಗೂ ಸಾಂಬಾರಿಗೂ ವ್ಯತ್ಯಾಸವನ್ನು ಉರು ಹೊಡೆದುಕೊಂಡೇ ದೆಹಲಿ ರೈಲು ಹತ್ತಬೇಕು.

ಮೂರು ಬೆರಳಗಲದ ಜಾಗವನ್ನು ಹಗುರ ಮಾಡಬೇಡ ಅಂತ ಅವಳಿಗೆ ಲಿಯೊನಾರ್ಡೊ ಡ ವಿಂಚಿಯ ಕಥೆ ಹೇಳಿದೆ. ಸುಮಾರು 1482ರಲ್ಲಿ ಕೆಲಸ ಕೇಳಿಕೊಂಡು ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಅವನು ಪತ್ರ ಬರೆದ. ಹೊತ್ತೊಯ್ಯುವ ಸೇತುವೆ ಕಟ್ಟಬಲ್ಲೆ, ಕೋಟೆ ಕೆಡವಬಲ್ಲೆ, ಫಿರಂಗಿ ಮಾಡಬಲ್ಲೆ ಅಂತೆಲ್ಲ ಹೇಳಿ, ಕೊನೆಕೊನೆಗೆ ಚಿತ್ರವನ್ನೂ ಬರೆಯಬಲ್ಲೆ ಅಂದಿದ್ದಾನೆ. ಮುಂದೆ ಅದೇ ದೊರೆಗಾಗಿ ಮಿಲಾನಿನ ಮಠವೊಂದರ ಊಟದ ಮನೆಯ ಗೋಡೆಗೆ ‘ಕೊನೆಯ ಭೋಜನ’ ಬರೆದ.

“ಅವನಿಗೆ ಒಂದೇ ಪೇಜು ಅಂತ ರೂಲ್ಸ್ ಇತ್ತಾ?” ಅಂದಳು.

ನನಗೆ ನಿಜವಾಗಿ ಇರುವ ಹವ್ಯಾಸ ಇವತ್ತಿಗೂ ಯಾವ ಕಾಲಮ್ಮಿಗೂ ಹೊಂದುವುದಿಲ್ಲ. ಜೆಸಿಬಿ ಮಣ್ಣು ತೋಡುವುದನ್ನು ನೋಡುತ್ತ ನಿಲ್ಲುವುದು, ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನು ಬಿಡಿಸಿ ಹರಿದುಹೋದ ಸುದ್ದಿಯ ಉಳಿದರ್ಧ ಏನಿರಬಹುದು ಅಂತ ಯೋಚಿಸುವುದು. ಅವಳದೂ ನನಗೆ ಗೊತ್ತು. ಐದನೇ ಕ್ಲಾಸಿನಿಂದ ಬೆಂಗಳೂರಿನ ಬಸ್ ನಂಬರುಗಳೆಲ್ಲ ಅವಳ ನಾಲಿಗೆ ತುದಿಯಲ್ಲಿ. 500ಡಿ ಅಂದರೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡು ಅಂತ ನಿದ್ದೆಗಣ್ಣಿನಲ್ಲೂ ಹೇಳುತ್ತಾಳೆ. ಅದನ್ನೇ ಹಾಕು ಅಂದೆ.

“ಅದು ಹವ್ಯಾಸ ಅಲ್ಲ ಚಿಕ್ಕಪ್ಪ, ಸುಮ್ನೆ ಗೊತ್ತು ಅಷ್ಟೆ.”

ಟ್ರೆಕ್ಕಿಂಗ್ ಅಂತಲೇ ಹಾಕಿದಳು. ವೈಟ್‌ಫೀಲ್ಡಿನಿಂದ ಕರೆಯೂ ಬಂತು. ಮೆಟ್ರೊ ಇದ್ದರೂ ಮೆಜೆಸ್ಟಿಕ್ಕಿನಿಂದ 335ಇ ಹಿಡಿದೇ ಹೋಗುತ್ತಾಳಂತೆ, ಕಿಟಕಿ ಪಕ್ಕ ಸೀಟು ಸಿಕ್ಕರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲವಂತೆ. ಬೆಟ್ಟದ ಬಗ್ಗೆ ಏನಾದರೂ ಕೇಳಿದರೆ ಏನು ಮಾಡುತ್ತೀಯೆ ಅಂದೆ.

“ನೀನು ಶೀರ್ಷಾಸನ ಅಂದ್ಯಲ್ಲ, ಹಾಗೇ ಏನೋ ಬಾಯಿಗೆ ಬರುತ್ತೆ ಬಿಡು” ಅಂದಳು.