ನಾಳೆ ಬಾ

ಕರಿಬೇವಿನ ಗಿಡ ನಮ್ಮದು, ಅದರ ಅರ್ಧ ಕೊಂಬೆ ಮೇಷ್ಟ್ರ ಮನೆ ಕಾಂಪೌಂಡಿನೊಳಗೆ. ಹಾಗಾಗಿ ಒಗ್ಗರಣೆ ಹೊತ್ತಿನಲ್ಲಿ ನಮಗೂ ಅವರಿಗೂ ಮಾತು ತಪ್ಪಿದ್ದಲ್ಲ. ಮೊನ್ನೆ ಬೆಳಗ್ಗೆ ಒಂದೆಸಳು ಕೀಳೋಣ ಅಂತ ಹೋದರೆ ಆ ಕಡೆ ಮೇಷ್ಟ್ರು ಬನಿಯನ್ನಿನಲ್ಲೇ ನಿಂತಿದ್ದಾರೆ, ಮುಖ ಸಪ್ಪಗಿದೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಲೆಕ್ಕ ತಾಳೆಯಾಗದಿದ್ದಾಗ ಮಾತ್ರ ಅವರ ಮುಖ ಹಾಗಾಗುತ್ತದೆ.

"ಏನಮ್ಮಾ, ಪುರುಸೊತ್ತಿದ್ಯಾ? ನನ್ನ ಲ್ಯಾಪ್‌ಟಾಪಿಗೆ ಐದು ವೈರಸ್ ಬಂದಿದ್ಯಂತೆ."

"ಯಾರು ಹೇಳಿದ್ರು ಮೇಷ್ಟ್ರೆ?"

"ಅದೇ ಹೇಳ್ತಾ ಇದೆ. ರಾತ್ರಿ ಮೂರು ಅಂತು, ಬೆಳಗ್ಗೆ ನೋಡಿದ್ರೆ ಐದು. ಅಪ್‌ಡೇಟ್ ಮಾಡಿ, ಅಪ್‌ಡೇಟ್ ಮಾಡಿ ಅಂತ ಪ್ರಾಣ ತಿಂತಾ ಇದೆ."

ಒಳಗಿನಿಂದ ಅಕ್ಕನ, ಅಂದರೆ ಮೇಷ್ಟ್ರ ಹೆಂಡತಿಯ, ದನಿ: "ಕಷಾಯ ಏನಾದ್ರೂ ಇಡ್ಲಾ, ಕೇಳಮ್ಮ!"

ನಾನು ಮನೆಯಲ್ಲೇ ಡಿ.ಟಿ.ಪಿ. ಮಾಡುವವಳು. ಲಗ್ನಪತ್ರಿಕೆ, ಪಿಎಚ್.ಡಿ. ಪ್ರಬಂಧ, ವೈಕುಂಠ ಸಮಾರಾಧನೆಯ ಕಾರ್ಡು, ಇಷ್ಟೇ ನನ್ನ ವಿದ್ಯೆ. ಆದರೆ ನಮ್ಮ ಬೀದಿಯ ಮಟ್ಟಿಗೆ ನಾನು ಕಂಪ್ಯೂಟರ್ ಇಂಜಿನಿಯರು. ಮಿಕ್ಸಿ ಕೆಟ್ಟರೂ ನನ್ನನ್ನೇ ಕೇಳುತ್ತಾರೆ. ಒಲೆ ಆರಿಸಿ ಹೋದೆ.

ಮಗಳು ಕಳೆದ ವರ್ಷ ಕೊಡಿಸಿದ ಲ್ಯಾಪ್‌ಟಾಪು, ಮೇಲೆ ಕ್ರೋಶಾ ಹೊದಿಕೆ. ತೆರೆದು ಕೂತು ಎರಡು ನಿಮಿಷ ಆಗಿರಲಿಲ್ಲ, ಪರದೆಯ ಬಲಗಡೆ ಕೆಳಮೂಲೆಯಿಂದ ಟಣ್ ಅಂತ ಒಂದು ಡಬ್ಬಿ ಮೇಲೆದ್ದಿತು. ಕೆಂಪು ಗುರಾಣಿ, ಅದರ ಮೇಲೊಂದು ಆಶ್ಚರ್ಯಸೂಚಕ: ನಿಮ್ಮ ರಕ್ಷಣೆಯ ಅವಧಿ ಇವತ್ತಿಗೆ ಮುಗಿಯಿತು. ಅದನ್ನು ಮುಚ್ಚುವಷ್ಟರಲ್ಲಿ ಇನ್ನೊಂದು: ಬ್ರೌಸರ್ ಹಳತಾಗಿದೆ. ಅದರ ಬೆನ್ನಿಗೇ ಮೂರನೆಯದು: ಫ್ಲ್ಯಾಶ್ ಪ್ಲೇಯರ್ ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ.

ನನಗೆ ನಗು ಬಂತು. ಫ್ಲ್ಯಾಶ್ ಪ್ಲೇಯರನ್ನು ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಕೈಬಿಟ್ಟು, ಮುಂದಿನ ಜನವರಿ 12ರಿಂದ ಓಡದ ಹಾಗೆ ಬೀಗವನ್ನೂ ಹಾಕಿದರು. ತಿಥಿ ಮುಗಿದು ವರ್ಷಗಳಾದವರ ಹೆಸರಲ್ಲಿ ಇನ್ನೂ ರೇಷನ್ ಎತ್ತುತ್ತಿದ್ದಾರೆ ಅನ್ನಿ!

ಇಂಥ ಡಬ್ಬಿ ಬಂದಾಗ ನೋಡಬೇಕಾದ್ದು ದಪ್ಪಕ್ಷರವನ್ನಲ್ಲ, ಅಂಚಿನಲ್ಲಿರುವ ಸಣ್ಣಕ್ಷರವನ್ನು. ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದೆ. ಕ್ರೋಮ್ ಅಂತಿತ್ತು, ಅದರ ಜೊತೆಗೆ ಬಾಯಲ್ಲಿ ಹೇಳಲಿಕ್ಕೆ ಬಾರದ ಒಂದು ಸೈಟಿನ ವಿಳಾಸ. ಅಂದರೆ ಮಾತಾಡುತ್ತಿರುವುದು ವಿಂಡೋಸೂ ಅಲ್ಲ, ಆ್ಯಂಟಿವೈರಸ್ಸೂ ಅಲ್ಲ. ಕ್ರೋಮಿನ ಬಾಯಿಂದ ಯಾರೋ ಮೂರನೆಯವರು ಮಾತಾಡುತ್ತಿದ್ದಾರೆ.

"ಮೇಷ್ಟ್ರೆ, ಈಚೆಗೆ ಯಾವುದಾದ್ರೂ ಸೈಟಲ್ಲಿ 'ಅಲೋ' ಅನ್ನೋದನ್ನ ಒತ್ತಿದ್ರಾ?"

"ಮೊಮ್ಮಗಳ ಜಾತಕ ಕೂಡಿಸೋಣ ಅಂತ ಒಂದ್ಕಡೆ ಹೋಗಿದ್ದೆ. ನೀವು ರೋಬೋ ಅಲ್ಲ ಅಂತ ತೋರಿಸೋಕೆ ಅಲೋ ಒತ್ತಿ ಅಂತು. ನಾನು ರೋಬೋ ಅಲ್ವಲ್ಲ, ಒತ್ತಿದೆ."

ಸಿಕ್ಕಿಬಿತ್ತು. ಸೈಟುಗಳು ಹೀಗೆ ಪರದೆಗೇ ಸುದ್ದಿ ಕಳಿಸುವ ಸೌಕರ್ಯ ಕ್ರೋಮಿಗೆ ಬಂದದ್ದು 2015ರಲ್ಲಿ. ಮೇಲ್ ಬಂತು, ಮ್ಯಾಚ್ ಸ್ಕೋರ್ ಇಷ್ಟಾಯ್ತು ಅಂತ ತಿಳಿಸಲಿ ಅಂತ ಮಾಡಿದ್ದು. ಒಮ್ಮೆ 'ಅಲೋ' ಅಂದರೆ ಆಯಿತು, ಆ ಪುಟ ಮುಚ್ಚಿದ ಮೇಲೂ ಅವರು ಬರುತ್ತಲೇ ಇರುತ್ತಾರೆ. ಕಳ್ಳರಿಗೆ ಇಷ್ಟು ಸಾಕು. ಅವರು ವೈರಸ್ ಬಿಡಬೇಕಾಗಿಯೇ ಇಲ್ಲ, ವೈರಸ್ ಬಂದಿದೆ ಅಂತ ಕೂಗಿದರೆ ನಾವೇ ಬಾಗಿಲು ತೆಗೆಯುತ್ತೇವೆ.

ಕ್ರೋಮಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸಿಗೆ ಹೋದೆ. ಅಲ್ಲಿಂದ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಗರ್ಭಗುಡಿಗೂ ಇಷ್ಟು ಬಾಗಿಲು ಇರುವುದಿಲ್ಲ. ಒಳಗೆ 'ಅಲೋ' ಪಟ್ಟಿಯಲ್ಲಿ ಹನ್ನೊಂದು ಜನ ಕಾಲು ಚಾಚಿ ಕೂತಿದ್ದರು! ಒಂದು ದಿನಪತ್ರಿಕೆಯದು, ಉಳಿದ ಹತ್ತನ್ನು ಮೇಷ್ಟ್ರು ಜನ್ಮದಲ್ಲಿ ಕಂಡವರಲ್ಲ. ಒಂದೊಂದರ ಪಕ್ಕದ ಚುಕ್ಕಿ ಒತ್ತಿ ರಿಮೂವ್, ರಿಮೂವ್ ಅಂತ ಹತ್ತನ್ನೂ ಕಳಿಸಿದೆ. ಇನ್ನುಮುಂದೆ ಯಾವ ಸೈಟೂ ಕೇಳಲೇಬಾರದು ಅನ್ನುವ ಆಯ್ಕೆಯೂ ಅಲ್ಲೇ ಮೇಲಿದೆ, ಅದನ್ನೂ ಒತ್ತಿದೆ.

"ವೈರಸ್ಸು?"

"ಇರಲೇ ಇಲ್ಲ ಮೇಷ್ಟ್ರೆ."

ನಂಬಿಕೆಗೆ ಅಂತ ವಿಂಡೋಸ್ ಸೆಕ್ಯುರಿಟಿಯಲ್ಲಿ ಕ್ವಿಕ್ ಸ್ಕ್ಯಾನ್ ಓಡಿಸಿ ತೋರಿಸಿದೆ. ಏನೂ ಸಿಗಲಿಲ್ಲ. ಮೇಷ್ಟ್ರಿಗೆ ಸ್ವಲ್ಪ ಬೇಜಾರಾದ ಹಾಗೇ ಕಂಡಿತು. ಐದು ವೈರಸ್ ಅಂತ ಆಗಲೇ ಇಬ್ಬರು ತಮ್ಮಂದಿರಿಗೆ ಫೋನ್ ಮಾಡಿಬಿಟ್ಟಿದ್ದರು.

ಪುಣ್ಯಕ್ಕೆ ಡಬ್ಬಿಯಲ್ಲಿದ್ದ ನಂಬರಿಗೆ ಫೋನ್ ಮಾಡಿರಲಿಲ್ಲ. ಪರದೆ ತುಂಬ ಕೆಂಪಾಗಿ, ಸೈರನ್ ಹೊಡೆದು, ಕೂಡಲೇ ಈ ನಂಬರಿಗೆ ಕರೆ ಮಾಡಿ ಅನ್ನುವ ಜಾತಿಯೂ ಒಂದಿದೆ. ನಂಬರ್ ಕೊಟ್ಟಿದೆ ಅಂದರೇ ಕಳ್ಳ, ಬೇರೆ ಸಾಕ್ಷಿ ಬೇಡ. ಮೈಕ್ರೋಸಾಫ್ಟಿನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರೆ ಆ ಪರದೆ ಕುಗ್ಗುತ್ತದೆ, ಆಮೇಲೆ ಬ್ರೌಸರ್ ಮುಚ್ಚಿದರಾಯಿತು. ದುಡ್ಡು ಹೋಗಿದ್ದರೆ ಮಾತ್ರ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಅಕ್ಕ ಕಾಫಿ ತಂದಿಟ್ಟರು. ಲೋಟ ಕೈಗೆತ್ತಿಕೊಳ್ಳುತ್ತಿದ್ದ ಹಾಗೆ ಮತ್ತೆ ಟಣ್!

ಈ ಸಲದ್ದು ಕಳ್ಳನಲ್ಲ, ಪೀಡಕ. ಲ್ಯಾಪ್‌ಟಾಪ್ ಕೊಂಡಾಗ ಪುಕ್ಕಟೆ ಅಂತ ಜೊತೆಗೆ ಬಂದ ಆ್ಯಂಟಿವೈರಸ್ಸು. ಪುಕ್ಕಟೆ ದಿನ ಮುಗಿದ ಮೇಲೆ ದುಡ್ಡು ಕಟ್ಟಿ ಅಂತ ಶುರುಮಾಡಿದೆ. ಡಬ್ಬಿಯಲ್ಲಿ ಎರಡೇ ಗುಂಡಿ: 'ಈಗಲೇ ನವೀಕರಿಸಿ', 'ಆಮೇಲೆ ನೆನಪಿಸಿ'. ಬೇಡ ಅನ್ನುವ ಗುಂಡಿ ಇಲ್ಲ.

"ನಾನು ದಿನಾ ಆಮೇಲೆ ಅಂತಾನೇ ಒತ್ತೋದು," ಅಂದರು ಮೇಷ್ಟ್ರು. "ಮರ್ಯಾದಸ್ಥ, ಹೋಗುತ್ತೆ. ಮಾರನೇ ದಿನ ಅದೇ ಹೊತ್ತಿಗೆ ಬರುತ್ತೆ."

ಹಾಗಂದ ಕೂಡಲೇ ನನಗೆ ಬೆಂಗಳೂರಿನ ದೊಡ್ಡಮ್ಮನ ವಠಾರ ಕಣ್ಣಮುಂದೆ ಬಂತು. 1990ರ ದಶಕ, ನಾನಾಗ ಕನ್ನಡ ಟೈಪಿಂಗ್ ಸೀನಿಯರ್ ಪರೀಕ್ಷೆ ಕಟ್ಟಿದ್ದೆ. ರಾತ್ರಿ ಹೊತ್ತು ಒಂದು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಅಮ್ಮನದೋ ಅಕ್ಕನದೋ ದನಿಯಲ್ಲಿ ಕರೆಯುತ್ತದೆ, ತೆಗೆದರೆ ಸತ್ತ ಅಂತ ಊರೆಲ್ಲ ಗುಲ್ಲು. ಅದಕ್ಕೆ ಮದ್ದೂ ಊರೇ ಕಂಡುಹಿಡಿದಿತ್ತು: ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ'. ದೆವ್ವ ಓದಿಕೊಂಡು ವಾಪಸ್ಸು ಹೋಗುತ್ತದೆ. ಮಾರನೇ ರಾತ್ರಿ ಬಂದರೆ ಮತ್ತೆ ಅದೇ ಬರಹ. ದೊಡ್ಡಮ್ಮನ ವಠಾರದ ಎಂಟು ಮನೆಗೂ ಬರೆದುಕೊಟ್ಟವಳು ನಾನೇ, ಅಕ್ಷರ ದುಂಡಗಿತ್ತಲ್ಲ. ಅಷ್ಟೊಂದು ಕಾಟ ಕೊಡುವ ದೆವ್ವಕ್ಕೆ ನೆಟ್ಟಗೆ 'ಬರಬೇಡ' ಅಂತ ಬರೆಯೋಣ ಅಂತ ಯಾರಿಗೂ ಹೊಳೆಯಲಿಲ್ಲ ನೋಡಿ. ಸಾಲ ಕೇಳಲು ಬಂದವರಿಗೂ ಚಂದಾ ಎತ್ತಲು ಬಂದವರಿಗೂ ನಾವು 'ನೋಡೋಣ' ಅನ್ನುತ್ತೇವೆಯೇ ಹೊರತು ಇಲ್ಲ ಅನ್ನುವುದಿಲ್ಲ. ಗುಂಡಿ ಮಾಡಿದವರಿಗೆ ಈ ಗುಟ್ಟು ಗೊತ್ತಿರಬೇಕು. ಬರೆದುಕೊಂಡ ಬಾಗಿಲಿಗೆ ಅವರು ತಪ್ಪದೆ ಬರುತ್ತಾರೆ.

ಗುಂಡಿಯಲ್ಲಿ ಬೇಡ ಇಲ್ಲದಿದ್ದರೆ ಮನೆಯಿಂದಲೇ ಹೊರಹಾಕಬೇಕು. ಸೆಟ್ಟಿಂಗ್ಸ್, ಆ್ಯಪ್ಸ್, ಅಲ್ಲಿ ಆ ಆ್ಯಂಟಿವೈರಸ್ಸಿನ ಹೆಸರು, ಅನ್‌ಇನ್‌ಸ್ಟಾಲ್. ಹೋಗುವಾಗಲೂ ಅದು ಮೂರು ಸಲ ಕೇಳಿತು, ನಿಜವಾಗಿಯೂ ಹೋಗಲೇ ಅಂತ. ನೆಂಟರ ಮನೆಯಿಂದ ಹೊರಡುವವರು ಹೊಸ್ತಿಲಲ್ಲಿ ನಿಂತು ಇನ್ನೊಂದು ಗಂಟೆ ಮಾತಾಡುವ ಹಾಗೆ. ಅದು ತೊಲಗಿದ ಮೇಲೆ ಮನೆ ಬರಿದಾಯಿತು ಅಂತ ಹೆದರಬೇಕಿಲ್ಲ. ವಿಂಡೋಸಿನ ಸ್ವಂತ ಡಿಫೆಂಡರ್ ತಾನಾಗಿಯೇ ಕಾವಲಿಗೆ ನಿಲ್ಲುತ್ತದೆ. ಪ್ರಿಂಟರಿನವನದೂ ಒಂದಿತ್ತು, ಇಂಕು ಕೊಳ್ಳಿ ಅನ್ನುವುದಕ್ಕೇ ಇಟ್ಟದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಅದನ್ನು ಡಿಸೇಬಲ್ ಮಾಡಿದೆ. ಬೆಳಗ್ಗೆ ನಮಗಿಂತ ಮುಂಚೆ ಎದ್ದು ಕೂರುವವರೆಲ್ಲ ಆ ಪಟ್ಟಿಯಲ್ಲಿ ಸಿಗುತ್ತಾರೆ.

ದೊಡ್ಡವರೂ ಈ ವಿಷಯದಲ್ಲಿ ಏನೂ ಕಮ್ಮಿ ಇರಲಿಲ್ಲ. 2015ರ ಜುಲೈ 29ಕ್ಕೆ ವಿಂಡೋಸ್ 10 ಬಂತಲ್ಲ, ಒಂದು ವರ್ಷ ಅದನ್ನು ಪುಕ್ಕಟೆ ಕೊಟ್ಟ ಮೈಕ್ರೋಸಾಫ್ಟಿನವರು ಹಳೇ ಕಂಪ್ಯೂಟರುಗಳಿಗೆಲ್ಲ 'ಹಾಕಿಕೊಳ್ಳಿ' ಅಂತ ಡಬ್ಬಿ ಬಿಟ್ಟರು. 2016ರ ಏಪ್ರಿಲಿನಲ್ಲಿ ಅಮೆರಿಕದ ಅಯೋವಾದ ಒಂದು ಟೀವಿಯಲ್ಲಿ ಹವಾಮಾನ ವರದಿ ನೇರಪ್ರಸಾರ ನಡೆಯುತ್ತಿದ್ದಾಗ ಮಳೆ ಮೋಡದ ನಕ್ಷೆಯ ಮೇಲೇ ಅದು ಬಂದು ಕೂತಿತ್ತು. ಅದರ ಮುಂದಿನ ತಿಂಗಳು ಇನ್ನೊಂದು ಬಗೆ: ಮೂಲೆಯ ಇಂಟು ಗುರುತು ಒತ್ತಿ ಡಬ್ಬಿ ಮುಚ್ಚಿದರೂ ಗೊತ್ತುಮಾಡಿದ ಹೊತ್ತಿಗೆ ವಿಂಡೋಸ್ 10 ಏರಿಬಿಡುತ್ತಿತ್ತು. ಲೋಕದಲ್ಲೆಲ್ಲ ಇಂಟು ಅಂದರೆ ಬೇಡ ಅಂತ, ಅವರಲ್ಲಿ ಮಾತ್ರ ಹ್ಞೂಂ ಅಂತ! ಆ ವರ್ಷದ ಕೊನೆಗೆ ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥರೇ ಅದು ಅತಿಯಾಯಿತು ಅಂತ ಒಪ್ಪಿಕೊಂಡರು. ಪಾಪ್‌ಅಪ್ ಜಾಹೀರಾತಿನ ಕೋಡನ್ನು ಮೊದಲಿಗೆ ಬರೆದ ಈಥನ್ ಜುಕರ್‌ಮನ್ ಕೂಡ 2014ರಲ್ಲಿ ಲೇಖನ ಬರೆದು ಲೋಕದ ಕ್ಷಮೆ ಕೇಳಿದ್ದಾರೆ. ಉದ್ದೇಶ ಒಳ್ಳೆಯದೇ ಇತ್ತಂತೆ. ಕಾಂಪೌಂಡಿನೊಳಗೆ ದನ ಬಿಟ್ಟವರೆಲ್ಲ ಹಾಗೇ ಹೇಳುವುದು.

"ಹಾಗಾದ್ರೆ ಒಂದು ಕೆಲಸ ಮಾಡು," ಮೇಷ್ಟ್ರು ಹುರುಪುಗೊಂಡರು. "ವಿಂಡೋಸಿಂದೂ ನಿಲ್ಲಿಸಿಬಿಡು. ಯಾರ ಅಪ್‌ಡೇಟೂ ಬೇಡ."

ಇಲ್ಲಿ ನಾನು ಕೈ ತೆಗೆದೆ. ಅಪ್‌ಡೇಟಿನ ಅಸಲಿ ಹೆಸರು ಪ್ಯಾಚು, ಅಂದರೆ ನಮ್ಮ ತೇಪೆ. ಹಿಂದೆ ಕಂಪ್ಯೂಟರಿನ ಲೆಕ್ಕವನ್ನು ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಬರೆಯುತ್ತಿದ್ದರು, ತಪ್ಪಿದ ಕಡೆ ನಿಜವಾಗಿಯೂ ಕಾಗದದ ತೇಪೆ ಅಂಟಿಸುತ್ತಿದ್ದರು. ಈಗಲೂ ಅದೇ ಕೆಲಸ, ಅಂಟು ಮಾತ್ರ ಕಾಣುವುದಿಲ್ಲ. 2017ರ ಮಾರ್ಚ್ 14ರಂದು ವಿಂಡೋಸಿನ ಒಂದು ತೂತಿಗೆ ತೇಪೆ ಬಂತು. ಬೇಕಾದಷ್ಟು ಜನ 'ನಾಳೆ ಬಾ' ಅಂದರು. ಎರಡು ತಿಂಗಳು ತುಂಬುವ ಮೊದಲೇ, ಮೇ 12ರ ಶುಕ್ರವಾರ, ಅದೇ ತೂತಿನಲ್ಲಿ ವನ್ನಾಕ್ರೈ ಅನ್ನುವ ಸುಲಿಗೆ ವೈರಸ್ಸು ನುಗ್ಗಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕಂಪ್ಯೂಟರು ಬೀಗ ಹಾಕಿಕೊಂಡು ಆಪರೇಷನ್ನುಗಳನ್ನೇ ಮುಂದಕ್ಕೆ ಹಾಕಬೇಕಾಯಿತು.

"ನಿನ್ನ ಕಂಪ್ಯೂಟರ್ ದಿನಾ ಅಪ್‌ಡೇಟ್ ಮಾಡ್ತೀಯಾ?" ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಹೋಂವರ್ಕ್ ಕೇಳುವ ದನಿ.

ಸುಳ್ಳು ಹೇಳಲಾಗಲಿಲ್ಲ. ನನ್ನ ಹತ್ತಿರ ಎರಡಿವೆ. ಹೊಸದು ಸರಿಯಾಗಿಯೇ ಇದೆ. ಆದರೆ ಹೊಟ್ಟೆಗೆ ಹಾಕುವುದು ಹಳೆಯದು: ವಿಂಡೋಸ್ 7, ಪುಟ ಕಟ್ಟಲು ಪೇಜ್‌ಮೇಕರ್ 7, ಕನ್ನಡ ಅಕ್ಷರಕ್ಕೆ ನುಡಿ. ಪೇಜ್‌ಮೇಕರ್ 2001ರದ್ದು, ಅದೇ ಕೊನೆಯದು. ಹೊಸ ವಿಂಡೋಸಿಗೆ ಹಾಕಿ ಒಮ್ಮೆ ನೋಡಿದ್ದೆ. ಯಾರದೋ ಲಗ್ನಪತ್ರಿಕೆಯಲ್ಲಿ ಒತ್ತಕ್ಷರಗಳೆಲ್ಲ ಎದ್ದು ಹೋಗಿ ವಧುವಿನ ಹೆಸರು ಔಷಧಿಯ ಹೆಸರಿನ ಹಾಗಾಗಿತ್ತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ತೇಪೆ ನಿಂತಿದೆ. ಅದಕ್ಕೇ ಆ ಮುದಿ ಯಂತ್ರಕ್ಕೆ ನಾನು ಇಂಟರ್‌ನೆಟ್ ಮುಟ್ಟಿಸುವುದಿಲ್ಲ. ಮಡಿಯಲ್ಲಿರುವ ಅಜ್ಜಿಯ ಹಾಗೆ ಮೂಲೆಯಲ್ಲಿದೆ. ಹೊರಗಿನ ಪೆನ್‌ಡ್ರೈವ್ ಬಂದರೆ ಮೊದಲು ಹೊಸದರಲ್ಲಿ ಸ್ಕ್ಯಾನ್ ಆಗಬೇಕು, ಆಮೇಲೇ ಒಳಗೆ.

"ಅಂದ್ರೆ ನೀನೂ ನಾಳೆ ಬಾ ಅಂತ ಬರೆದವಳೇ," ಅಂದರು ಮೇಷ್ಟ್ರು. ಅವರಿಗೆ ಬಹಳ ಸಮಾಧಾನವಾಯಿತು.

ಕೊನೆಗೆ ಒಪ್ಪಂದಕ್ಕೆ ಬಂದೆವು. ವಿಂಡೋಸಿನ ಅಪ್‌ಡೇಟನ್ನು ತಡೆಹಿಡಿಯುವುದಾದರೆ ಹೆಚ್ಚೆಂದರೆ ಐದು ವಾರ, ಅದು ಮಗಳ ಮನೆಗೆ ಹೋದಾಗಿನ ಮಾತು. ಸದ್ಯಕ್ಕೆ ಆ್ಯಕ್ಟಿವ್ ಅವರ್ಸ್ ಅನ್ನುವಲ್ಲಿ ಕೆಲಸದ ಹೊತ್ತು ನಮೂದಿಸಿದರೆ ಆ ಹೊತ್ತಿನಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಗರಿಷ್ಠ 18 ಗಂಟೆ. ಮೇಷ್ಟ್ರು ಬೆಳಗ್ಗೆ 5ರಿಂದ ರಾತ್ರಿ 11 ಅಂತ ಪೂರ್ತಿ ವಸೂಲು ಮಾಡಿದರು.

"ಇದು ಬರೋದು ಯಾವತ್ತು ಅಂತ ಒಂದು ಲೆಕ್ಕ ಇಲ್ವಾ?"

ಇದೆ. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟಿನವರ ತೇಪೆಗೆ ತಿಂಗಳ ಎರಡನೇ ಮಂಗಳವಾರ ಅಂತ ಗೊತ್ತಾಗಿದೆ. ಅವರಿಗೆ ಬೆಳಗ್ಗೆ ಹತ್ತಾದಾಗ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. "ಹಾಗಾಗಿ ನಮಗೆ ಎರಡನೇ ಬುಧವಾರ ಅಂತ ಇಟ್ಕೊಳ್ಳಿ," ಅಂದೆ.

ಮೇಷ್ಟ್ರು ಕ್ಯಾಲೆಂಡರ್ ತೆಗೆದರು. ಬೆರಳು ಮಡಚಿದರು, ಬಿಚ್ಚಿದರು. ಬೆಳಗ್ಗೆಯಿಂದ ಸಪ್ಪಗಿದ್ದ ಮುಖ ಅರಳಿತು.

"ತಪ್ಪು! ತಿಂಗಳು ಬುಧವಾರ ಶುರುವಾದ್ರೆ ನಿನ್ನ ಲೆಕ್ಕ ಕೈ ಕೊಡುತ್ತೆ. 2025ರ ಅಕ್ಟೋಬರ್ ನೆನಪು ಮಾಡ್ಕೋ. ಒಂದನೇ ತಾರೀಕು ಬುಧವಾರ. ಎರಡನೇ ಮಂಗಳವಾರ 14, ಮಾರನೇ ದಿನ 15. ಅದು ಮೂರನೇ ಬುಧವಾರ."

ಆ 14ರಂದೇ ವಿಂಡೋಸ್ 10ಕ್ಕೂ ಬೆಂಬಲ ನಿಂತದ್ದು ಅಂತ ನಾನು ಹೇಳಹೊರಟೆ. ಅವರಿಗೆ ಕೇಳಿಸಿಕೊಳ್ಳುವ ಪುರುಸೊತ್ತಿರಲಿಲ್ಲ. ಕೆಂಪು ಪೆನ್ನು ಹಿಡಿದು ಒಂದೊಂದು ತಿಂಗಳಿಗೂ ಎಣಿಸಿ ಸುತ್ತು ಹಾಕುತ್ತ ಡಿಸೆಂಬರಿನವರೆಗೂ ಹೋದರು.

ಮಧ್ಯಾಹ್ನ ಸಾರಿಗೆ ಎಸಳು ಸಾಲದೆ ಮತ್ತೆ ಕಾಂಪೌಂಡಿನ ಹತ್ತಿರ ಹೋಗಿದ್ದೆ. ಆ ಕಡೆ ಕಿಟಕಿಯಿಂದ ಅಕ್ಕನ ದನಿ ಕೇಳಿಸಿತು.

"ಏನ್ರೀ ಇದು, ಸಂಕಷ್ಟಿ ಪಕ್ಕದಲ್ಲೆಲ್ಲ ಕೆಂಪು ಸುತ್ತು?"

"ಲ್ಯಾಪ್‌ಟಾಪಿಂದು ಕಣೇ. ಅವತ್ತು ಅದನ್ನ ಮುಟ್ಟೋ ಹಾಗಿಲ್ಲ."

"ಅದಕ್ಕೂ ಒಪ್ಪತ್ತಾ?"