ಅಪ್ಪ ಅಮ್ಮ ಭೇಟಿಯಾದ ಊರು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್‌ಗಳು ನಿಲ್ಲುತ್ತವೆ ಎಂಬ ಸುದ್ದಿಯನ್ನು ಶಿಡ್ಲಘಟ್ಟದಲ್ಲಿ ನನ್ನಷ್ಟು ಮನಸಾರೆ ಹರಡಿದವರು ಇನ್ನೊಬ್ಬರಿರಲಾರರು. ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರದ ಟೀ ಅಂಗಡಿಯಲ್ಲಿ ರೀಲರುಗಳು ರೇಟಿನ ಮಾತಾಡುತ್ತಿದ್ದರೆ ನಾನು ನಡುವೆ ಬಾಯಿ ಹಾಕುತ್ತಿದ್ದೆ: “2017ರ ವನ್ನಾಕ್ರೈ ನೆನಪಿದೆಯಾ? ಅಪ್‌ಡೇಟ್ ಇಲ್ಲದ ಕಂಪ್ಯೂಟರಿಗೇ ನುಗ್ಗಿ, ಫೈಲಿಗೆಲ್ಲ ಬೀಗ ಜಡಿದು ದುಡ್ಡು ಕೇಳಿತ್ತು!”

“ನಿಮ್ಮದರಲ್ಲಿ ಬೀಗ ಹಾಕೋ ಅಂಥದ್ದು ಏನಿದೆ ಸಾರ್?”

“ನನ್ನ ಲೇಖನಗಳು.”

“ಹಾಕ್ಕೊಳ್ಳಲಿ ಬಿಡಿ.”

ವಿಂಡೋಸ್ 11 ಹಾಕಿಸೋಣವೆಂದರೆ ನನ್ನ ಯಂತ್ರಕ್ಕೆ ಆ ಯೋಗವಿಲ್ಲ ಎಂದ ಚಿಕ್ಕಬಳ್ಳಾಪುರದ ಅಂಗಡಿಯವನು. ಬೀಗದ ಕೈಗಳನ್ನು ಕಂಪ್ಯೂಟರಿನೊಳಗೇ ಬಚ್ಚಿಡುವ ಟಿಪಿಎಂ 2.0 ಎಂಬ ಚಿಪ್ ಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದಾದರೂ ಇರಬೇಕು. ಗಂಡಿನ ಕಡೆಯವರು ವಂಶಾವಳಿ ಕೆದಕಿದ ಹಾಗೆ ಕೆದಕಿ, ನಮ್ಮದು ನಾಲ್ಕನೆಯದೆಂದು ತಿಳಿದದ್ದೇ ಮುಖ ತಿರುವಿದ. ಇನ್ನೊಂದು ವರ್ಷ ಅಪ್‌ಡೇಟ್ ಮುಂದುವರಿಸಿಕೊಳ್ಳುವ ದಾರಿಯೂ ಇತ್ತು. ಅದನ್ನು ಅವನೂ ಹೇಳಲಿಲ್ಲ, ಗೊತ್ತಿದ್ದ ನಾನೂ ಕೇಳಲಿಲ್ಲ. ಹೊಸದು ಕೊಳ್ಳಲು ನೆವ ಸಿಕ್ಕರೆ ಯಾರು ಬಿಡುತ್ತಾರೆ? ನುಡಿ ತಂತ್ರಾಂಶದ ಹಳೆಯ ಫೈಲುಗಳು ಹೊಸ ಪರದೆಯಲ್ಲಿ ಯಾವುದೋ ದೇಶದ ಲಿಪಿಯಾದವು. ಫಾಂಟ್ ಹಾಕಿ, ಯುನಿಕೋಡಿಗೆ ತಿರುಗಿಸಿ, ಅದೂ ಹೇಗೋ ಮುಗಿಯಿತು.

ಮುಗಿಯದ್ದು ಭದ್ರತಾ ಪ್ರಶ್ನೆಗಳು. ಪಾಸ್‌ವರ್ಡ್ ಮರೆತರೆ ನೀವೇ ನೀವೆಂದು ನಂಬುವುದಕ್ಕೆ ಮೂರು ಪ್ರಶ್ನೆ ಆರಿಸಿಕೊಂಡು ಉತ್ತರ ಕೊಡಿ ಎಂದಿತು ಹೊಸ ಯಂತ್ರ. ಬೆನ್ನ ಹಿಂದೆ ಅಮ್ಮ, ಹೆಂಡತಿ, ಅಂಗಡಿಯ ಹುಡುಗ. ಬಾಲ್ಯದ ಅಡ್ಡಹೆಸರು? ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಇವತ್ತಿಗೂ ಅದನ್ನೇ ಕೂಗಿ ಕರೆಯುತ್ತಾರೆ. ಅಲ್ಲಿ ಗುಟ್ಟಾಗಿ ಉಳಿದಿರುವುದು ನನ್ನ ನಿಜವಾದ ಹೆಸರು. ಅಪ್ಪ ಅಮ್ಮ ಭೇಟಿಯಾದ ಊರು?

ಅಮ್ಮ ಅಪ್ಪನಿಗೆ ಸ್ವಂತ ಅಕ್ಕನ ಮಗಳು. ಗೌರಿಬಿದನೂರಿನ ಮನೆಯಲ್ಲಿ ಅಮ್ಮ ಹುಟ್ಟಿದಾಗ ಅಪ್ಪ ಅದೇ ಮನೆಯ ಜಗುಲಿಯಲ್ಲಿ ಗೋಲಿ ಆಡುತ್ತಿದ್ದರು. ಒಳಗೆ ಕರೆದು “ನೋಡೋ, ನಿನ್ನ ಹೆಂಡ್ತಿ” ಎಂದು ತೊಟ್ಟಿಲು ತೋರಿಸಿದರೆ ಅಳುತ್ತಾ ಬೀದಿಗೆ ಓಡಿದರಂತೆ. ಇದು ಭೇಟಿಯೋ? “ನಿಂತಿದ್ದರಲ್ವಾ ಭೇಟಿ?” ಎಂದು ಅಮ್ಮನ ತಕರಾರು. ಮದುವೆ ಕೈವಾರದಲ್ಲಾಯಿತಲ್ಲ, ಅದನ್ನೇ ಬರೆಯಿರಿ ಎಂದಳು ಹೆಂಡತಿ. ಆದರೆ ಮದುವೆಯ ದಿನ ಅಮ್ಮ ತಲೆಯೇ ಎತ್ತಲಿಲ್ಲವಂತೆ, ಅದೂ ಲೆಕ್ಕಕ್ಕಿಲ್ಲ.

ಹೋಗಲಿ, ಎಲ್ಲರಿಗಿಂತ ಹಿರಿಯ ಕಸಿನ್ ಹೆಸರು? ಅಪ್ಪನ ಅಕ್ಕನ ಹಿರಿಮಗ ನನಗೆ ಕಸಿನ್. ಅವರೇ ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ. ಆ ಅಕ್ಕ ನನಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. “ಮಾವನ್ನ ಹೆಸರು ಹಿಡಿದು ಬರೀತೀಯೇನೋ?” ಎಂದು ಅಮ್ಮ ಗದರಿದರು. ಸಹಾಯಕ್ಕೆಂದು ಹುಡುಗ ಕಾಗದದ ಮೇಲೆ ವಂಶವೃಕ್ಷ ಬರೆಯಲು ಹೋಗಿ, ಎರಡು ಕೊಂಬೆ ತಿರುಗಿ ಒಂದೇ ಕಡೆ ಸೇರಿದ್ದು ಕಂಡು ಪೆನ್ನು ಕೆಳಗಿಟ್ಟ.

“ಸುಳ್ಳು ಬರೀರಿ ಸಾರ್, ಅದೇ ಸೇಫು.”

ಮಾತು ಸರಿಯೇ. ಯಂತ್ರಕ್ಕೆ ಸತ್ಯ ಬೇಕಿಲ್ಲ. ಇನ್ನೊಬ್ಬ ಊಹಿಸಲಾರದ, ನಾವು ಮರೆಯದ ಉತ್ತರವಿದ್ದರೆ ಸಾಕು. ‘ನಂದಿಬೆಟ್ಟ’ ಎಂದು ಟೈಪಿಸಿದೆ. “ನಿಮ್ಮಪ್ಪ ನನ್ನ ಯಾವತ್ತು ನಂದಿಗೆ ಕರ್ಕೊಂಡ್ ಹೋಗಿದ್ರು?” ಎಂದು ಅಮ್ಮ ಸಿಡುಕಿದರು. ಸಂಜೆಯೊಳಗೆ ಬೀದಿಯ ಹೆಂಗಸರಿಗೆಲ್ಲ ಆ ವಿಷಯವನ್ನು ತಾವೇ ಹೇಳಿಬಂದಿದ್ದರು. ಉತ್ತರ ಬದಲಿಸಿದ್ದೇನೆ, ನೀವು ಪ್ರಯತ್ನಿಸಬೇಡಿ.

ನಾವು ಬೀಗ ಹಾಕಿದ್ದು ಕಂಪ್ಯೂಟರಿಗೆ, ಕಳ್ಳ ಬಂದದ್ದು ಫೋನಿನಲ್ಲಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರನ್ನು ಖಾಕಿ ತೊಟ್ಟವನೊಬ್ಬ ವಿಡಿಯೊ ಕರೆಯಲ್ಲೇ ‘ಡಿಜಿಟಲ್ ಅರೆಸ್ಟ್’ ಮಾಡಿ ಕೂರಿಸಿ ದುಡ್ಡು ಕಿತ್ತುಕೊಂಡ. ಅಂಥ ಬಂಧನ ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೇಳಿದ್ದರು. ನಾನೂ ಟೀ ಅಂಗಡಿಯಲ್ಲಿ ಸಾರಿದ್ದೆ. ಮೇಷ್ಟ್ರು ಟೀ ಕುಡಿಯುವವರಲ್ಲ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಅದನ್ನು ದಾರಿಯಲ್ಲೇ ತಡೆಯುವ ಅವಕಾಶವಿತ್ತು. ಮರ್ಯಾದೆಗೆ ಅಂಜಿ ಅವರು ಹೆಂಡತಿಗೂ ಹೇಳದೆ ಕೂತಿದ್ದರು. “ಓದಿದವರಿಗೆ ಇಷ್ಟೂ ತಿಳಿಯಲ್ವಾ?” ಎಂದು ನಕ್ಕವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಮೇಷ್ಟ್ರ ಹತ್ತಿರವೇ ಮಗ್ಗಿ ಕಲಿತವರು ಇವರು!

ಮೊನ್ನೆ ಅಂಥದೇ ಕರೆ ಅಮ್ಮನಿಗೆ ಬಂತು. ಹಿಂದಿಯಲ್ಲಿ ಗುಡುಗಿದವನಿಗೆ ಅಮ್ಮ ನಮ್ಮ ಸೀಮೆಯ ತೆಲುಗಿನಲ್ಲಿ “ಏ ಊರು ನಾಯನಾ? ಎವರಿ ಕೊಡುಕು?” ಎಂದು ಶುರುಮಾಡಿ, ಕನ್ನಡಕ್ಕೆ ಹೊರಳಿ, ಅವನಿಗೆ ಮದುವೆಯಾಗಿದೆಯೋ, ಜಮೀನೆಷ್ಟು, ಬೋರ್‌ವೆಲ್‌ನಲ್ಲಿ ಎಷ್ಟು ಅಡಿಗೆ ನೀರು ಬಿತ್ತು ಎಂದು ವಿಚಾರಿಸತೊಡಗಿದರು. ಒಂದಕ್ಕೂ ಉತ್ತರ ಕೊಡದೆ ಅವನೇ ಫೋನಿಟ್ಟ.

“ಹೆಣ್ಣು ಗಂಟು ಹಾಕ್ತಾಳೆ ಅಂದ್ಕೊಂಡ್ನೇನೋ, ಮುಂಡೇದು,” ಎಂದರು ಅಮ್ಮ. “ತಾಳು, ಮೇಷ್ಟ್ರ ಮನೇಗೆ ಹೋಗಿ ಹೇಳ್ಬರ್ತೀನಿ, ಮೊದಲು ಬೋರ್‌ವೆಲ್ ಕೇಳಿ ಅಂತ.”