ರಿಪೋರ್ಟ್ ರಾಯರು

ನಮ್ಮ ರಿಪೋರ್ಟ್ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಟ್ಯಾಲಿ ಮಾಡಲು ಲೆಡ್ಜರು ಸಿಗದೆ ಚಡಪಡಿಸುತ್ತಿದ್ದರು. ದೇವರು ಕಣ್ಣುಬಿಟ್ಟು ಸಕ್ಕರೆ ಕಾಯಿಲೆ ಕರುಣಿಸಿದ. ಅಂದಿನಿಂದ ಸ್ವಂತ ದೇಹವೇ ಅವರ ಬ್ರಾಂಚು. ಮ್ಯಾನೇಜರೂ ಅವರೇ, ಆಡಿಟರೂ ಅವರೇ.

ಅವರ ಫೈಲನ್ನು ಒಮ್ಮೆ ನೋಡಬೇಕು. ಒಳಗೆ ಬಣ್ಣದ ರಟ್ಟು ಹಾಕಿ ವಿಂಗಡಿಸಿದ್ದಾರೆ: ರಕ್ತ, ಮೂತ್ರ, ಹೃದಯ, ಇತರೆ. ಇತರೆಯಲ್ಲಿ ಹಲ್ಲು, ಮೊಣಕಾಲು ಮತ್ತು ಅಳಿಯನ ಥೈರಾಯ್ಡು. ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಬಂದ ಅಂಕಿಗಳಿಗೆಲ್ಲ ಕೆಂಪು ಇಂಕಿನ ಸುತ್ತು, ಪಕ್ಕದಲ್ಲಿ 'ಡಾಕ್ಟರ ಗಮನಕ್ಕೆ' ಎಂಬ ಷರಾ. ಗ್ಲುಕೋಮೀಟರಿನ ದಿನಚರಿಯಲ್ಲಿ ಒಂದು ಸಾಲೂ ಖಾಲಿ ಬಿಟ್ಟಿಲ್ಲ. ಯುಗಾದಿ, ಗೌರಿ-ಗಣೇಶ, ದೀಪಾವಳಿಗಳ ಎದುರು, ಹಬ್ಬ ಕಳೆದ ವಾರದುದ್ದಕ್ಕೂ 'ಸ್ಟ್ರಿಪ್ ಮುಗಿದಿದೆ' ಎಂದು ಅಚ್ಚುಕಟ್ಟಾಗಿ ಬರೆದಿದ್ದಾರೆ.

ಬೆಳಗಾದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅವರ ಒಪಿಡಿ. "ಮೆಟ್‌ಫಾರ್ಮಿನ್ನಾ? ಖಾಲಿ ಹೊಟ್ಟೇಲಿ ಬೇಡಿ, ಊಟದ ಜೊತೆ ತಗೊಳ್ಳಿ. ಹೊಟ್ಟೆ ತೊಳಸೋದು ಕಮ್ಮಿ ಆಗತ್ತೆ" ಎಂದು ಬಿಟ್ಟಿ ಸಲಹೆ. ಅದಕ್ಕೆ ಪ್ರತಿಯಾಗಿ ಒಬ್ಬರು ನೆನೆಸಿದ ಮೆಂತ್ಯ ಹೇಳುತ್ತಾರೆ, ಇನ್ನೊಬ್ಬರು ಹಾಗಲಕಾಯಿ ರಸ, ಮತ್ತೊಬ್ಬರು ಅಮೃತಬಳ್ಳಿ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಮೂರನ್ನೂ ಒಂದೇ ದಿನ ಸೇವಿಸಿ, ರಾಯರು ಸಂಜೆಯವರೆಗೆ ಬಚ್ಚಲುಮನೆಯ ಆಸುಪಾಸಿನಲ್ಲೇ ವಾಕಿಂಗ್ ಮಾಡಿದ್ದುಂಟು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯ ವೈದ್ಯನನ್ನು ಅವರು ಸರಸ್ವತಿಪುರಂನಿಂದ ವಿಜಯನಗರದವರೆಗೂ ಹುಡುಕಿದ್ದಾರೆ. ಅನ್ನ ಕಮ್ಮಿ ಮಾಡಿ ಎಂದ ಡಾಕ್ಟರ ಕಡೆ ಮತ್ತೆ ತಲೆ ಹಾಕಿಲ್ಲ. ನಡೆಯಿರಿ ಎಂದವರನ್ನು ಮಾತ್ರ ಉಳಿಸಿಕೊಂಡಿದ್ದಾರೆ. ನಡೆಯುವ ದಾರಿಯಲ್ಲಿ ಒಳ್ಳೆಯ ಹೋಟೆಲಿದೆ.

ನಗುವವರು ನಗಲಿ, ರಾಯರ ಕಣ್ಣು ಸುಮ್ಮನೆ ಅಲ್ಲ. ಅವರ ಮನೆಯವರ ಮೊಣಕಾಲಿಗೆ ಒಬ್ಬ ಡಾಕ್ಟರು, ಸೊಂಟಕ್ಕೆ ಇನ್ನೊಬ್ಬರು ಮಾತ್ರೆ ಬರೆದಿದ್ದರು. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ರಾಯರು ಭೂತಗನ್ನಡಿ ಹಿಡಿದು ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿದರು. ಎರಡರಲ್ಲೂ ಅದೇ ಅಸಿಕ್ಲೋಫೆನಾಕ್, ಅದೇ ಪ್ಯಾರಾಸಿಟಮಾಲ್! ಡಾಕ್ಟರಿಗೆ ಫೋನ್ ಹೋಯಿತು, ಒಂದು ಮಾತ್ರೆ ನಿಂತಿತು. ಆಮೇಲಿಂದ ನಮ್ಮ ಬೀದಿಯಲ್ಲಿ ಹೊಸ ಮಾತ್ರೆ ತಂದವರೆಲ್ಲ ಮೊದಲು ರಾಯರಿಗೆ ತೋರಿಸುತ್ತಾರೆ.

ಮೊನ್ನೆ ದಂಪತಿ ಚೆಕಪ್ಪಿಗೆ ಹೋಗಿದ್ದರು.

"ಹೇಗಿದ್ದೀರಿ ರಾಯರೇ?"

"ಅದನ್ನ ನೀವು ಹೇಳ್ಬೇಕು ಸಾರ್. ಬಿಪಿ 135/85. ಅಮೆರಿಕದೋರು 2017ರಲ್ಲಿ ಗಡೀನ 140/90ರಿಂದ 130/80ಕ್ಕೆ ಇಳಿಸಿದಾರೆ. ಅಂದ್ರೆ ಮೈಸೂರಲ್ಲಿ ನನಗೆ ಬಿಪಿ ಇಲ್ಲ, ಅಮೆರಿಕದಲ್ಲಿ ಇದೆ. ಮುಂದಿನ ತಿಂಗಳು ಮಗಳ ಮನೆಗೆ ಹೊರಟಿದೀವಿ. ಮಾತ್ರೆ ಇಲ್ಲಿಂದಾನೇ ಶುರು ಮಾಡ್ಲೋ, ವಿಮಾನ ಇಳಿದ ಮೇಲೋ?"

"ಸಕ್ಕರೆ ಇರೋರು ಎಲ್ಲಿದ್ರೂ 130ರ ಒಳಗಿರೋದೇ ಒಳ್ಳೇದು" ಎಂದ ಡಾಕ್ಟರು ಹಾಳೆ ತಿರುವಿ ಎಚ್‌ಬಿಎ1ಸಿ ಮೇಲೆ ಬೆರಳಿಟ್ಟರು. ಅದೊಂದು ಚಾಡಿಕೋರ ಪರೀಕ್ಷೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ; ಮೈಗಂಟಿದ ಸಕ್ಕರೆಯನ್ನು ಅದು ಸಾಯುವವರೆಗೂ ಬಿಡುವುದಿಲ್ಲ. ಹಾಗಾಗಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯೆಲ್ಲ ಬಯಲಾಗುತ್ತದೆ, ಮನೆಯಲ್ಲಿ ಸ್ಟ್ರಿಪ್ ಇರಲಿ ಬಿಡಲಿ. 7ರ ಒಳಗಿರಬೇಕಾದದ್ದು 8.4 ಇತ್ತು.

"ನಿಮ್ಮ ದಿನಚರಿ ನೋಡಿದ್ರೆ ಇಷ್ಟು ಬರೋ ಹಾಗಿಲ್ಲವಲ್ಲ?"

"ಲ್ಯಾಬಿನೋರದ್ದೇ ತಪ್ಪಿರಬೇಕು ಸಾರ್. ಇನ್ನೊಂದು ಕಡೆ ಕೊಟ್ಟು ನೋಡೋಣ."

ಡಾಕ್ಟರು ಪಕ್ಕದಲ್ಲಿ ಕೂತಿದ್ದ ಮನೆಯವರ ಕಡೆ ತಿರುಗಿದರು. "ನೀವು ಹೇಳಿ ಅಮ್ಮ. ಹಬ್ಬದಿಂದೀಚೆಗೆ ರಾಯರು ಎಷ್ಟು ಒಬ್ಬಟ್ಟು ತಿಂದಿರಬಹುದು?"

ಆಕೆ ಗಂಡನ ಮುಖ ನೋಡಲಿಲ್ಲ. "ತುಪ್ಪ ಹಾಕ್ಕೊಂಡಿದ್ದರ ಲೆಕ್ಕ ಕೇಳ್ತಿದೀರೋ ಡಾಕ್ಟ್ರೇ, ಹಾಲು ಹಾಕ್ಕೊಂಡಿದ್ದರದ್ದೋ?"